‘ಛಾವಣಿ ಸೋರುತ್ತಿದೆ, ಯಾವ ಚಿತ್ರ ಮಾರ್ತೀರಿ?’: ಕ್ಯುರೇಟರ್ ಕುರ್ಚಿಯಿಂದ ನಿರ್ದೇಶಕರ ಕುರ್ಚಿಗೆ 13 ತಿಂಗಳು

ಮೊನ್ನೆ ಸೋಮವಾರ ಹೊಸ ಕೆಲಸಕ್ಕೆ ಸೇರಿದೆ. ಸಮಕಾಲೀನ ಕಲೆಯ ಮಧ್ಯಮ ಗಾತ್ರದ ಒಂದು ಮ್ಯೂಸಿಯಂ, ಅದರ ನಿರ್ದೇಶಕಿಯ ಹುದ್ದೆ. ಮೊದಲ ಫೋನ್ ಬಂದ ದಿನದಿಂದ ಲೆಕ್ಕ ಹಾಕಿದರೆ ಸರಿಯಾಗಿ 13 ತಿಂಗಳು. ಈ ನಡುವೆ ಎರಡು ಸಲ ನಾನೇ ಆಸೆ ಬಿಟ್ಟಿದ್ದೆ, ಒಂದು ಸಲ ಅವರೇ ನನ್ನನ್ನು ಬಿಟ್ಟಿದ್ದರು. ಹೇಗೋ ದಡ ಸೇರಿದ್ದೇನೆ. ನೆನಪು ಹಸಿಯಾಗಿರುವಾಗಲೇ ಬರೆದಿಡೋಣ ಅನ್ನಿಸಿತು. ಹುಡುಕಿದಾಗ ನನಗೆ ಸಿಕ್ಕಿದ್ದೆಲ್ಲ ದೊಡ್ಡ ನಿರ್ದೇಶಕರ ಸಂದರ್ಶನಗಳು. ಕುರ್ಚಿಯಲ್ಲಿ ಕೂತ ಮೇಲಿನ ಮಾತು ಅಲ್ಲಿತ್ತು, ಕುರ್ಚಿಯವರೆಗಿನ ದಾರಿ ಮಾತ್ರ ಯಾರೂ ಹೇಳಿರಲಿಲ್ಲ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಕಲಾ ಇತಿಹಾಸದಲ್ಲಿ ಎಂ.ಎ., ಆಮೇಲೆ ಸಂಬಳವಿಲ್ಲದ ಒಂದು ವರ್ಷದ ಇಂಟರ್ನ್‌ಶಿಪ್, ಮೂರು ವರ್ಷ ಸಹಾಯಕ ಕ್ಯುರೇಟರ್ (ಕೃತಿ ಆರಿಸಿ ಪ್ರದರ್ಶನ ಕಟ್ಟುವವರು), ಐದು ವರ್ಷ ಯಾವ ಸಂಸ್ಥೆಗೂ ಸೇರದ ಸ್ವತಂತ್ರ ಕ್ಯುರೇಟರ್, ಕೊನೆಗೆ ಒಂದು ಮ್ಯೂಸಿಯಂನಲ್ಲಿ ಆರು ವರ್ಷ ಹಿರಿಯ ಕ್ಯುರೇಟರ್. ಕ್ಯುರೇಟರ್ ಅಂದರೆ ಕಪ್ಪು ಬಟ್ಟೆ ತೊಟ್ಟು ಉದ್ಘಾಟನೆಯಲ್ಲಿ ಭಾಷಣ ಮಾಡುವವರು ಎಂದುಕೊಂಡವರಿಗೆ ಒಂದು ಮಾತು. ನನ್ನ ಮೊದಲ ವರ್ಷಗಳು ಕಳೆದದ್ದು ಕ್ರೇಟ್‌ಗಳ ನಡುವೆ. ಬೇರೆ ಮ್ಯೂಸಿಯಂನಿಂದ ಎರವಲು ಬಂದ ಕೃತಿಯ ಪೆಟ್ಟಿಗೆಯನ್ನು ಬಂದ ತಕ್ಷಣ ಒಡೆಯುವ ಹಾಗಿಲ್ಲ, ಒಳಗಿನ ಹವೆಗೆ ಹೊಂದಿಕೊಳ್ಳಲು 24 ಗಂಟೆ ಬಿಡಬೇಕು. ಕಾಗದದ ಮೇಲಿನ ಕೃತಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು. ಪೆಟ್ಟಿಗೆ ತೆರೆದ ಮೇಲೆ ಟಾರ್ಚ್ ಹಿಡಿದು ಒಂದೊಂದು ಗೀರನ್ನೂ ಕಂಡಿಷನ್ ರಿಪೋರ್ಟಿನಲ್ಲಿ ಬರೆಯಬೇಕು. ಇದೆಲ್ಲ ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಮುಂದಿನ 13 ತಿಂಗಳಲ್ಲಿ ಇದರಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ.

ಫೋನ್

ಕರೆ ಬಂದದ್ದು ಮ್ಯೂಸಿಯಂನಿಂದಲ್ಲ, ಅವರು ನೇಮಿಸಿಕೊಂಡಿದ್ದ ಸರ್ಚ್ ಸಂಸ್ಥೆಯಿಂದ. ನಿರ್ದೇಶಕರ ಹುದ್ದೆಗಳಿಗೆ ಹೀಗೆಯೇ ಆಗುವುದು ಹೆಚ್ಚು. ಜಾಹೀರಾತು ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇವರು ಸದ್ದಿಲ್ಲದೆ ಜನರನ್ನು ಹುಡುಕುತ್ತಿರುತ್ತಾರೆ. ‘ನಿಮ್ಮ ಹೆಸರನ್ನು ಹಲವರು ಸೂಚಿಸಿದ್ದಾರೆ ಮೇಡಂ’ ಅಂದರು ಆಕೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಮಾತನ್ನು ಅವರು ಸುಮಾರು 60 ಜನಕ್ಕೆ ಹೇಳಿದ್ದರು ಎಂದು ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ.

ಇಲ್ಲಿ ಒಂದು ಕಿವಿಮಾತು. ಸರ್ಚ್ ಸಂಸ್ಥೆಗೆ ದುಡ್ಡು ಕೊಡುವುದು ಮ್ಯೂಸಿಯಂ. ಅವರು ಎಷ್ಟೇ ಆತ್ಮೀಯವಾಗಿ ಮಾತಾಡಿದರೂ ಅವರು ನಿಮ್ಮ ವಕೀಲರಲ್ಲ. ಹಾಗಂತ ಮುಖ ತಿರುಗಿಸಿಕೊಳ್ಳುವುದೂ ಬೇಡ, ಒಳಗಿನ ಸುದ್ದಿ ಸಿಗುವುದು ಅವರಿಂದಲೇ. ಹಿಂದಿನ ನಿರ್ದೇಶಕರು ಯಾಕೆ ಬಿಟ್ಟರು, ಕುರ್ಚಿ ಎಷ್ಟು ದಿನದಿಂದ ಖಾಲಿ ಇದೆ, ಬೋರ್ಡಿನಲ್ಲಿ ಎಷ್ಟು ಟ್ರಸ್ಟಿಗಳಿದ್ದಾರೆ, ಈ ಮೂರನ್ನು ಮೊದಲ ಕರೆಯಲ್ಲೇ ಕೇಳಿ. ನಾನು ಸಂಕೋಚಪಟ್ಟು ಕೇಳಲಿಲ್ಲ. ಕುರ್ಚಿ ಒಂದೂವರೆ ವರ್ಷದಿಂದ ಖಾಲಿ ಬಿದ್ದಿದೆ ಎಂಬುದು ತಿಳಿಯುವಷ್ಟರಲ್ಲಿ ನಾನು ಅರ್ಧ ದಾರಿ ನಡೆದಾಗಿತ್ತು.

ಕಾಗದಪತ್ರ

ಅವರು ಕೇಳಿದ್ದು ನಾಲ್ಕು: ನಾಲ್ಕು ಪುಟ ಮೀರದ ಸಿ.ವಿ., ಎರಡು ಪುಟದ ಪತ್ರ, ಮ್ಯೂಸಿಯಂ ಬಗ್ಗೆ ನನ್ನ ಕನಸನ್ನು ಹೇಳುವ ಐದು ಪುಟ, ಮತ್ತೆ ಇದುವರೆಗೆ ನಾನು ನಿಭಾಯಿಸಿದ ಹಣದ ವಿವರ.

ನನ್ನ ಸಿ.ವಿ. 22 ಪುಟ ಇತ್ತು. ಪ್ರದರ್ಶನಗಳ ಪಟ್ಟಿಯೇ ಒಂಬತ್ತು ಪುಟ. ಕತ್ತರಿ ಹಾಕುವಾಗ ಸ್ವಂತ ಬೆರಳು ಕತ್ತರಿಸಿಕೊಂಡಷ್ಟು ಸಂಕಟವಾಯಿತು. ಆದರೆ ನಿಜವಾಗಿ ಮುಗ್ಗರಿಸಿದ್ದು ನಾಲ್ಕನೆಯದರಲ್ಲಿ. 14 ವರ್ಷಗಳಲ್ಲಿ ನಾನು ಒಟ್ಟು ಎಷ್ಟು ಹಣದ ಪ್ರದರ್ಶನಗಳನ್ನು ಮಾಡಿದ್ದೇನೆ? ಅದರಲ್ಲಿ ಮ್ಯೂಸಿಯಂ ಕೊಟ್ಟದ್ದೆಷ್ಟು, ಅನುದಾನವೆಷ್ಟು, ನಾನೇ ಅಲೆದು ತಂದದ್ದೆಷ್ಟು? ತಲೆಬುಡ ಗೊತ್ತಿರಲಿಲ್ಲ. ಸಾಗಣೆ, ವಿಮೆ, ಕೆಟಲಾಗ್ ಮುದ್ರಣ ಎಲ್ಲ ಬೇರೆ ಬೇರೆ ಖಾತೆಯಲ್ಲಿ ಹೋಗಿತ್ತು. ಹಳೆಯ ಇಮೇಲ್‌ಗಳನ್ನು ಕೆದಕಿದೆ, ಹಳೆಯ ಸಹೋದ್ಯೋಗಿಗಳನ್ನು ಕಾಡಿದೆ. ನಾನು ಮೊದಲು ಕೆಲಸ ಮಾಡಿದ ಸಂಸ್ಥೆ ಈಗ ಬೇರೊಂದರ ಜೊತೆ ಸೇರಿಹೋಗಿದೆ, ಅಲ್ಲಿನ ಲೆಕ್ಕಪತ್ರ ತೆಗೆದುಕೊಡಲು ಯಾರೂ ಇಲ್ಲ. ಈ ಒಂದು ಹಾಳೆಗೇ ಆರು ವಾರ ಹಿಡಿಯಿತು.

ಇನ್ನೊಂದು ಮುಳ್ಳು, ಹೆಸರಿನದು. ಸಹಾಯಕಿಯಾಗಿದ್ದಾಗ ನಾನು ಮೊದಲಿನಿಂದ ಕೊನೆಯವರೆಗೆ ಕಟ್ಟಿದ ಒಂದು ಪ್ರದರ್ಶನವಿತ್ತು. ಕಲಾವಿದರನ್ನು ಒಪ್ಪಿಸಿದ್ದು, ಕೃತಿ ಆರಿಸಿದ್ದು, ಗೋಡೆಯ ಮೇಲಿನ ಬರಹ, ಎಲ್ಲ ನನ್ನದು. ಕೆಟಲಾಗಿನಲ್ಲಿ ಮುದ್ರಣವಾದದ್ದು ಅಂದಿನ ಮೇಲಧಿಕಾರಿಯ ಹೆಸರು. ನಾನು ಕೊನೆಯ ಪುಟದ ಕೃತಜ್ಞತೆಯಲ್ಲಿ ಇದ್ದೆ, ಬಣ್ಣ ಬಳಿದವರ ಮೇಲಿನ ಸಾಲಿನಲ್ಲಿ. ಸಿ.ವಿ.ಯಲ್ಲಿ ಹಾಕಿಕೊಳ್ಳಲೋ ಬೇಡವೋ ಎಂದು ವಾರಗಟ್ಟಲೆ ಒದ್ದಾಡಿದೆ. ಕೊನೆಗೆ ಆ ಪ್ರದರ್ಶನದ ಇಬ್ಬರು ಕಲಾವಿದರನ್ನೇ ಕೇಳಿದೆ. ಇಬ್ಬರೂ ಆ ದಿನವೇ ಪತ್ರ ಬರೆದುಕೊಟ್ಟರು. ಒಬ್ಬರಂತೂ ಅಂದು ನಾನು ಅವರಿಗೆ ಬರೆದಿದ್ದ 41 ಇಮೇಲ್‌ಗಳನ್ನು ಒಟ್ಟುಮಾಡಿ ಕಳಿಸಿದ್ದರು. ಅವನ್ನು ಓದುತ್ತಾ ಸ್ವಲ್ಪ ಕಣ್ಣೀರು ಬಂತು, ಸ್ವಲ್ಪ ನಾಚಿಕೆಯೂ. ಎಷ್ಟೊಂದು ಕಾಗುಣಿತ ತಪ್ಪು!

ಈಗಷ್ಟೇ ಈ ಕ್ಷೇತ್ರಕ್ಕೆ ಬಂದವರು ಇವತ್ತೇ ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಪ್ರತಿ ಪ್ರದರ್ಶನಕ್ಕೂ ಒಟ್ಟು ವೆಚ್ಚ, ಹಣ ಬಂದ ಮೂಲ, ನೋಡುಗರ ಸಂಖ್ಯೆ, ನಿಮ್ಮ ಪಾತ್ರ ಏನು, ಅದಕ್ಕೆ ಸಾಕ್ಷಿ ಯಾವುದು ಎಂದು ಬರೆದಿಡಿ. ಸಂಸ್ಥೆಯ ಇಮೇಲ್ ಕೆಲಸ ಬಿಟ್ಟ ದಿನವೇ ಮುಚ್ಚಿಹೋಗುತ್ತದೆ, ನೆನಪಿರಲಿ.

ಗೋಡೆಯ ಮೇಲಿನ ಒಂಬತ್ತು ಚಿತ್ರ

ಅರ್ಜಿ ಕಳಿಸಿ ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದು ನಮೂನೆ ಬಂತು. ಹಿತಾಸಕ್ತಿ ಸಂಘರ್ಷದ ಘೋಷಣೆ. ನಿಮ್ಮ ಬಳಿ ಇರುವ ಕಲಾಕೃತಿಗಳು ಯಾವುವು, ಹೇಗೆ ಬಂದವು, ಆ ಕಲಾವಿದರ ಜೊತೆ ನೀವು ಕೆಲಸ ಮಾಡಿದ್ದೀರಾ, ನಿಮ್ಮ ಸಂಗಾತಿ ಅಥವಾ ಒಡಹುಟ್ಟಿದವರು ಯಾರಾದರೂ ಗ್ಯಾಲರಿ ವ್ಯವಹಾರದಲ್ಲಿ ಇದ್ದಾರಾ.

ನಮ್ಮ ಮನೆಯ ಗೋಡೆಯ ಮೇಲೆ ಒಂಬತ್ತು ಕೃತಿಗಳಿವೆ. ಎರಡನ್ನು ದುಡ್ಡು ಕೊಟ್ಟು ಕೊಂಡದ್ದು. ಉಳಿದ ಏಳು ಕಲಾವಿದ ಗೆಳೆಯರು ಪ್ರದರ್ಶನ ಮುಗಿದ ಮೇಲೆ ಪ್ರೀತಿಯಿಂದ ಕೊಟ್ಟದ್ದು. ಪ್ರೀತಿಯಿಂದ ಕೊಟ್ಟದ್ದೇ ಇಲ್ಲಿ ತೊಡಕು. ಇಕಾಮ್, ಅಂದರೆ 1946ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಮ್ಯೂಸಿಯಂ ಮಂಡಳಿ, ತನ್ನ ನೀತಿಸಂಹಿತೆಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಮ್ಯೂಸಿಯಂನಲ್ಲಿ ಕೆಲಸ ಮಾಡುವವರು ಸ್ವಂತ ಸಂಗ್ರಹದ ವಿಷಯದಲ್ಲಿ ತಮ್ಮ ಸಂಸ್ಥೆಯೊಡನೆ ಪೈಪೋಟಿಗೆ ಇಳಿಯಬಾರದು, ಕೆಲಸದ ನಿಮಿತ್ತ ಬರುವ ಉಡುಗೊರೆಗಳಿಗೆ ಕೈಚಾಚಬಾರದು. ನಾವು ಒಬ್ಬ ಕಲಾವಿದರನ್ನು ದೊಡ್ಡ ಮ್ಯೂಸಿಯಂನಲ್ಲಿ ತೋರಿಸಿದರೆ ಅವರ ಕೃತಿಗಳ ಬೆಲೆ ಏರುತ್ತದೆ, ಅದರೊಂದಿಗೆ ನಮ್ಮ ಗೋಡೆಯ ಮೇಲಿನದರ ಬೆಲೆಯೂ ಏರುತ್ತದೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ಗೋಡೆಯ ಮುಂದೆ ಟೇಪು ಹಿಡಿದು ನಿಂತು ‘ಕಾಗದದ ಮೇಲೆ ಇದ್ದಿಲು, 30 ಗುಣಿಸು 42 ಸೆಂ.ಮೀ., ಉಡುಗೊರೆ’ ಎಂದು ಬರೆಯುವಾಗ ಕಳ್ಳತನದ ಮಾಲನ್ನು ಪಟ್ಟಿ ಮಾಡುವ ಪೊಲೀಸಿನವಳಂತೆ ಅನ್ನಿಸಿತು. ಕಳ್ಳಿಯೂ ನಾನೇ.

ನಾನು ಎಲ್ಲವನ್ನೂ ಬರೆದೆ. ಒಂದು ಚಿಕ್ಕ ರೇಖಾಚಿತ್ರದ ಬಗ್ಗೆ ಅವರು ಮೂರು ವಾರ ಪ್ರಶ್ನೆ ಕೇಳಿದರು, ಆ ಕಲಾವಿದೆಯ ಕೃತಿ ಅವರ ಸಂಗ್ರಹದಲ್ಲೂ ಇತ್ತು. ಮುಂದೊಂದು ದಿನ ಸಮಿತಿಯ ಒಬ್ಬರು ನನಗೆ ಹೇಳಿದರು: ಇನ್ನೊಬ್ಬ ಅಭ್ಯರ್ಥಿ ‘ಏನೂ ಇಲ್ಲ’ ಎಂದು ಬರೆದಿದ್ದರಂತೆ, ಅವರ ಮನೆಯ ಫೋಟೋಗಳು ಒಂದು ಪತ್ರಿಕೆಯಲ್ಲಿ ಬಂದದ್ದನ್ನು ಸಮಿತಿಯವರು ನೋಡಿದ್ದರಂತೆ. ನೀವೂ ಬರೆಯಿರಿ, ಎಲ್ಲವನ್ನೂ ಬರೆಯಿರಿ.

ಪರದೆಯ ಮೇಲೆ ಏಳು ಮುಖ

ಮೊದಲ ಸಂದರ್ಶನ ಆನ್‌ಲೈನ್‌ನಲ್ಲಿ, 45 ನಿಮಿಷ. ಅರ್ಜಿ ಹಾಕಿ ಏಳು ವಾರವಾಗಿತ್ತು. ಏಳು ಜನರ ಸಮಿತಿಯಲ್ಲಿ ಕಲೆಯ ಹಿನ್ನೆಲೆಯವರು ಇಬ್ಬರು. ಉಳಿದವರು ವಕೀಲರು, ಉದ್ಯಮಿಗಳು, ಒಬ್ಬರು ಲೆಕ್ಕ ಪರಿಶೋಧಕರು.

ನನ್ನ ಐದು ಪುಟದ ಕನಸನ್ನು ಕೈಯಲ್ಲಿ ಹಿಡಿದು ಒಬ್ಬ ಹಿರಿಯರು ಶುರು ಮಾಡಿದರು: ‘ಎಲ್ಲರನ್ನೂ ಒಳಗೊಳ್ಳುವ, ಎಲ್ಲರಿಗೂ ಎಟುಕುವ, ವೈವಿಧ್ಯ ಮತ್ತು ಸುಸ್ಥಿರತೆಯನ್ನು ಪೋಷಿಸುವ... ಇದು ಇಕಾಮ್‌ನವರು ಪ್ರಾಗ್‌ನಲ್ಲಿ ಒಪ್ಪಿಕೊಂಡ ಮ್ಯೂಸಿಯಂ ವ್ಯಾಖ್ಯೆ ಅಲ್ವಾ? ನಿಮ್ಮ ಮಾತು ಯಾವುದು?’ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ನಿಜ, 2022ರ ಆಗಸ್ಟ್ 24ರಂದು ಒಪ್ಪಿತವಾದ ಆ ಹೊಸ ವ್ಯಾಖ್ಯೆಯನ್ನೇ ನಾನು ತುಸು ಉಪ್ಪುಕಾರ ಹಚ್ಚಿ ಬಡಿಸಿದ್ದೆ. ‘ನಿಮ್ಮ ಮ್ಯೂಸಿಯಂಗೆ ಶಾಲಾಮಕ್ಕಳು ಬಸ್ಸಿನಲ್ಲಿ ಬಂದು ಒಂದು ಗಂಟೆಯಲ್ಲಿ ವಾಪಸ್ ಹೋಗ್ತಾರೆ. ಅದೇ ಮಕ್ಕಳು ಅಪ್ಪ ಅಮ್ಮನ ಕೈ ಹಿಡಿದು ಎರಡನೇ ಸಲ ಬರೋ ಹಾಗೆ ಮಾಡೋದೇ ನನ್ನ ಮೊದಲ ಕೆಲಸ ಸರ್’ ಅಂದುಬಿಟ್ಟೆ. ಆ ಮಾತು ಐದು ಪುಟದಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ಲೆಕ್ಕ ಪರಿಶೋಧಕರು ಗಂಟಲು ಸರಿಮಾಡಿಕೊಂಡರು. ‘ಛಾವಣಿ ಸೋರ್ತಾ ಇದೆ ಅಂತಿಟ್ಕೊಳ್ಳಿ. ದುಡ್ಡಿಲ್ಲ. ಸ್ಟೋರಿನಲ್ಲಿ ಯಾರೂ ನೋಡದ ಸಾವಿರಾರು ಕೃತಿಗಳಿವೆ. ಯಾವ ಚಿತ್ರ ಮಾರ್ತೀರಿ?’

ಇದು ಬರೀ ಕುತೂಹಲದ ಪ್ರಶ್ನೆಯಲ್ಲ, ನಮ್ಮ ಕ್ಷೇತ್ರದ ಹಸಿ ಗಾಯ. ಸಂಗ್ರಹದ ಕೃತಿಯನ್ನು ಮಾರಿದರೆ ಬಂದ ಹಣ ಸಂಗ್ರಹಕ್ಕೇ ಹೋಗಬೇಕು, ಸಂಬಳಕ್ಕೋ ಛಾವಣಿಗೋ ಹೋಗಬಾರದು ಎಂಬುದು ಹಳೆಯ ಕಟ್ಟಳೆ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಉತ್ತರ ಅಮೆರಿಕದ ಮ್ಯೂಸಿಯಂ ನಿರ್ದೇಶಕರ ಸಂಘ ಇದನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಅದರ ಬೆನ್ನಲ್ಲೇ ಬಾಲ್ಟಿಮೋರ್ ಕಲಾ ಮ್ಯೂಸಿಯಂ ವಾರ್ಹಾಲ್, ಕ್ಲಿಫರ್ಡ್ ಸ್ಟಿಲ್, ಬ್ರೈಸ್ ಮಾರ್ಡನ್ ಅವರ ಮೂರು ಕೃತಿಗಳನ್ನು ಮಾರಲು ಹೊರಟಿತು. ಆ ಹಣದ ಒಂದು ಉದ್ದೇಶ ಸಿಬ್ಬಂದಿಯ ಸಂಬಳ ಏರಿಸುವುದು, ಅಂದರೆ ಒಳ್ಳೆಯ ಉದ್ದೇಶವೇ. ಆದರೂ ಗದ್ದಲವೆದ್ದು, ಅದೇ ಅಕ್ಟೋಬರ್‌ನಲ್ಲಿ ಹರಾಜಿಗೆ ಕೆಲವೇ ಗಂಟೆ ಇರುವಾಗ ಹಿಂದೆ ಸರಿಯಬೇಕಾಯಿತು.

ನಾನು ಇದನ್ನು ಹೇಳಿ, ‘ಒಂದನ್ನೂ ಮಾರಲ್ಲ ಸರ್’ ಅಂದೆ. ‘ಒಂದು ಸಲ ಛಾವಣಿಗೆ ಅಂತ ಮಾರಿದ್ರೆ, ನಾಳೆ ತಮ್ಮ ಸಂಗ್ರಹ ಕೊಡಬೇಕು ಅಂತಿದ್ದ ಮನೆಯವರು ನಮ್ಮ ಬಾಗಿಲಿಗೆ ಬರಲ್ಲ.’ ‘ಹಾಗಾದ್ರೆ ಛಾವಣಿ?’ ಎಂದು ಅವರು ಬಿಡಲಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಏನೋ ದಾನಿಗಳು, ಅನುದಾನ ಎಂದು ತೊದಲಿದೆ. ಪರದೆ ಆರಿದ ಮೇಲೆ ಅರ್ಧ ಗಂಟೆ ಹಾಗೇ ಕೂತಿದ್ದೆ. ನೀತಿ ಗೊತ್ತಿತ್ತು, ಲೆಕ್ಕ ಗೊತ್ತಿರಲಿಲ್ಲ.

53 ದಿನ

ಎರಡು ವಾರದಲ್ಲಿ ತಿಳಿಸುತ್ತೇವೆ ಅಂದವರು 53 ದಿನ ಮಾತಾಡಲಿಲ್ಲ. ಆ ದಿನಗಳಲ್ಲಿ ನಾನು ಮಾಡಿದ ಒಂದು ಹುಚ್ಚು ಕೆಲಸವೆಂದರೆ ಹಳೆಯ ಕ್ಯುರೇಟರ್‌ಗಳ ಬಾಳನ್ನು ಓದುತ್ತಾ ಅದರಲ್ಲಿ ನನ್ನ ಜಾತಕ ಹುಡುಕಿದ್ದು.

ಆಲ್ಫ್ರೆಡ್ ಬಾರ್ 1929ರಲ್ಲಿ ನ್ಯೂಯಾರ್ಕಿನ ಮೋಮಾದ, ಅಂದರೆ ಆಧುನಿಕ ಕಲಾ ಮ್ಯೂಸಿಯಂನ, ಮೊದಲ ನಿರ್ದೇಶಕರಾದಾಗ ಅವರಿಗೆ 27 ವಯಸ್ಸು. ಓದಿ ಹೊಟ್ಟೆ ಉರಿದುಕೊಂಡೆ. ಮುಂದೆ ಓದಿದರೆ, 1943ರಲ್ಲಿ ಬೋರ್ಡಿನ ಅಧ್ಯಕ್ಷರು ಅವರನ್ನು ಆ ಹುದ್ದೆಯಿಂದ ಇಳಿಸಿಬಿಟ್ಟರು. ಬಾರ್ ಕೋಪ ಮಾಡಿಕೊಂಡು ಹೊರಗೆ ಹೋಗಲಿಲ್ಲ, ಅಲ್ಲೇ ಗ್ರಂಥಾಲಯದಲ್ಲಿ ಕೂತು ಬರೆಯುತ್ತಾ ಉಳಿದರು. 1947ರಲ್ಲಿ ಸಂಗ್ರಹಗಳ ನಿರ್ದೇಶಕರಾಗಿ 1967ರವರೆಗೆ ದುಡಿದರು. ಹ್ಯಾರಲ್ಡ್ ಝೀಮನ್ 1961ರಲ್ಲಿ, ಇನ್ನೂ 30 ತುಂಬದ ವಯಸ್ಸಿನಲ್ಲಿ, ಬರ್ನ್‌ನ ಕುನ್ಸ್ಟ್‌ಹಾಲೆ ಎಂಬ ಕಲಾಭವನದ ನಿರ್ದೇಶಕರು. 1969ರಲ್ಲಿ ಅವರು ಮಾಡಿದ ಒಂದು ಪ್ರದರ್ಶನ ಊರಿನವರ ಸಿಟ್ಟಿಗೆ ಕಾರಣವಾಯಿತು, ಅದೇ ವರ್ಷ ಹುದ್ದೆ ಬಿಟ್ಟರು. ಆ ಪ್ರದರ್ಶನವನ್ನು ನಾವು ಇವತ್ತು ಪಾಠದಲ್ಲಿ ಓದುತ್ತೇವೆ. ಮೂರೇ ವರ್ಷಕ್ಕೆ ಅವರು ಕ್ಯಾಸೆಲ್‌ನ ಐದನೇ ಡಾಕ್ಯುಮೆಂಟಾ, ಅಂದರೆ ಸಮಕಾಲೀನ ಕಲೆಯ ದೊಡ್ಡ ಪ್ರದರ್ಶನ, ಕಟ್ಟಿದರು. ಮತ್ತೆ ಎರಡು ವರ್ಷಕ್ಕೆ ತಮ್ಮ ತಾತನ, ಆತ ಕೇಶವಿನ್ಯಾಸಕ, ಕತ್ತರಿ ಬಾಚಣಿಗೆ ಸಾಮಾನುಗಳನ್ನೆಲ್ಲ ಒಂದು ಅಪಾರ್ಟ್‌ಮೆಂಟಿನಲ್ಲಿ ಜೋಡಿಸಿ ಪ್ರದರ್ಶನ ಮಾಡಿದರು. ಮಾರ್ಷಾ ಟಕರ್ ವಿಟ್ನಿ ಮ್ಯೂಸಿಯಂನಲ್ಲಿ ಕೆಲಸ ಕಳೆದುಕೊಂಡು 1977ರಲ್ಲಿ ತಾವೇ ನ್ಯೂ ಮ್ಯೂಸಿಯಂ ಕಟ್ಟಿದರು.

ನನಗೆ ಹೆಚ್ಚು ತಟ್ಟಿದ್ದು ಕೊಯೊ ಕುವೊ. ಬ್ಯಾಂಕಿಂಗ್ ಓದಿ, ಬ್ಯಾಂಕಿನಲ್ಲಿ ದುಡಿದು, ಆಮೇಲೆ ಕಲೆಗೆ ಬಂದವರು. ಡಕಾರ್‌ನಲ್ಲಿ ತಮ್ಮದೇ ಕಲಾಕೇಂದ್ರ ಕಟ್ಟಿ, 2019ರಲ್ಲಿ ಕೇಪ್‌ಟೌನ್‌ನ ಝೈಟ್ಸ್ ಮೋಕಾ ಮ್ಯೂಸಿಯಂನ ಚುಕ್ಕಾಣಿ ಹಿಡಿದರು. 2026ರ ವೆನಿಸ್ ಬಿಯೆನಾಲೆಗೆ, ಎರಡು ವರ್ಷಕ್ಕೊಮ್ಮೆ ನಡೆಯುವ ಆ ಕಲಾಮೇಳಕ್ಕೆ, ಕ್ಯುರೇಟರ್ ಆಗಿ ಆಯ್ಕೆಯಾಗಿ, 2025ರ ಮೇನಲ್ಲಿ ತೀರಿಕೊಂಡರು. ಬ್ಯಾಲೆನ್ಸ್ ಶೀಟ್ ಓದಲು ಬರುವ ಕ್ಯುರೇಟರ್! ಮಾರನೇ ದಿನವೇ ಲೆಕ್ಕಪತ್ರ ಬಲ್ಲ ಒಬ್ಬ ಗೆಳತಿಯ ಬೆನ್ನು ಬಿದ್ದೆ. ವಾರಕ್ಕೆರಡು ಸಂಜೆ, ಎಂಟು ಪಾಠ. ಬೇರೆ ಬೇರೆ ಮ್ಯೂಸಿಯಂಗಳ ವಾರ್ಷಿಕ ವರದಿಗಳನ್ನು ಮುಂದಿಟ್ಟುಕೊಂಡು ಯಾವ ಹಣವನ್ನು ಮುಟ್ಟಬಹುದು, ಯಾವುದು ದಾನಿ ಹಾಕಿದ ಷರತ್ತಿಗೆ ಕಟ್ಟುಬಿದ್ದದ್ದು ಎಂದು ಗುರುತಿಸುವುದನ್ನು ಕಲಿತೆ. ಈ 13 ತಿಂಗಳಲ್ಲಿ ನಾನು ಮಾಡಿದ ಅತ್ಯಂತ ಬುದ್ಧಿವಂತಿಕೆಯ ಕೆಲಸ ಇದೊಂದೇ.

ಇಷ್ಟರಲ್ಲಿ ಗುಟ್ಟು ರಟ್ಟಾಯಿತು. ಕಲಾಜಗತ್ತು ದೊಡ್ಡದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ, ಅದು ಒಂದು ವಠಾರ. ಒಂದು ಉದ್ಘಾಟನೆಯಲ್ಲಿ ಒಬ್ಬ ಕಲಾವಿದರು ದೂರದಿಂದಲೇ ಕೈ ಬೀಸಿ ‘ಏನ್ರೀ, ಡೈರೆಕ್ಟರ್ ಆಗ್ತಾ ಇದೀರಂತೆ!’ ಎಂದು ಕೂಗಿದರು. ನನ್ನ ಪಕ್ಕದಲ್ಲೇ ನಿಂತಿದ್ದವರು ನನ್ನ ಆಗಿನ ನಿರ್ದೇಶಕರು. ಅವರು ನಗುನಗುತ್ತಲೇ ‘ಹೌದಾ?’ ಅಂದರು. ಮರುದಿನ ನಾನೇ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅದಾದ ಮೇಲೆ ಮುಂದಿನ ವರ್ಷದ ದೊಡ್ಡ ಪ್ರದರ್ಶನದ ಸಭೆಗಳಿಗೆ ನನಗೆ ಕರೆ ಬರುವುದು ಕಡಿಮೆಯಾಯಿತು. ಅಂತಿಮ ಪಟ್ಟಿಗೆ ಬರುವವರೆಗೂ ಗುಟ್ಟಾಗಿಡಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ನನ್ನ ಪ್ರಕಾರ, ಮೊದಲ ಸಂದರ್ಶನ ಆದ ತಕ್ಷಣ ಮೇಲಿನವರಿಗೆ ನೀವೇ ಹೇಳುವುದು ಮೇಲು. ಬೇರೆಯವರ ಬಾಯಿಂದ ಕೇಳಿದ ಸುದ್ದಿಗೆ ಯಾವಾಗಲೂ ಒಂದು ಕಹಿ ಅಂಟಿರುತ್ತದೆ.

ಅಮ್ಮ ವಾರಕ್ಕೊಮ್ಮೆ ಫೋನ್ ಮಾಡಿ ‘ಏನಾಯ್ತೇ ಆ ಕೆಲ್ಸ?’ ಅನ್ನುತ್ತಿದ್ದಳು. ಕೊನೆಗೆ ಕೇಳುವುದನ್ನೇ ಬಿಟ್ಟಳು. ಅದು ಇನ್ನೂ ಹಿಂಸೆ.

ಎರಡು ದಿನ, ಹನ್ನೊಂದು ಸಭೆ

54ನೇ ದಿನ ಕರೆ ಬಂತು. ಅಂತಿಮ ನಾಲ್ವರಲ್ಲಿ ನಾನೊಬ್ಬಳು, ಖುದ್ದಾಗಿ ಬರಬೇಕು. ವಿಮಾನ, ಎರಡು ರಾತ್ರಿಯ ವಸತಿ ಎಲ್ಲ ನಾನೇ ಮೊದಲು ಕೊಟ್ಟು ಆಮೇಲೆ ಬಿಲ್ ಸಲ್ಲಿಸಬೇಕಿತ್ತು. ನನ್ನ ಸಂಬಳದ ಮುಕ್ಕಾಲು ತಿಂಗಳಿನಷ್ಟು. ಒಳ್ಳೆಯ ಒಂದು ಜೊತೆ ಶೂ, ರಜೆಯ ಆರು ದಿನ, ಗೆಳತಿಯ ಪಾಠಕ್ಕೆ ಪ್ರತಿಯಾಗಿ ಅವಳ ಮಗನಿಗೆ ನಾನು ಹೇಳಿಕೊಟ್ಟ ಇತಿಹಾಸ, ಇವೆಲ್ಲ ಲೆಕ್ಕಕ್ಕಿಲ್ಲದ ಖರ್ಚು. ರಸೀದಿಗಳನ್ನು ಜೋಪಾನ ಮಾಡಿ, ಫೋಟೋ ತೆಗೆದಿಡಿ.

ಮೊದಲ ದಿನ ಬೆಳಿಗ್ಗೆ ಕಟ್ಟಡ ಸುತ್ತಿಸಿದರು. ಎರಡನೇ ಮಹಡಿಯ ಗ್ಯಾಲರಿಯಲ್ಲಿ ಒಂದು ಮೂಲೆಗೆ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಒಂದು ನೀಲಿ ಬಕೆಟ್. ಮಳೆಗಾಲವಲ್ಲ, ಆದರೂ ಅದರಲ್ಲಿ ಒಂದಿಂಚು ನೀರು. ಅದು ಕಲಾಕೃತಿಯೋ ಎಂದು ಒಂದು ಕ್ಷಣ ಅನುಮಾನಪಟ್ಟೆ, ನಮ್ಮ ಕ್ಷೇತ್ರದಲ್ಲಿ ಈ ಅನುಮಾನ ಸಹಜ. ನನ್ನ ಜೊತೆಗಿದ್ದ ಕಾವಲಿನವರು ನನ್ನ ಮುಖ ನೋಡಿ ‘ಅಲ್ಲ ಮೇಡಂ, ಅದು ನಿಜವಾದ ಬಕೆಟ್’ ಅಂದರು. ಆಗ ಹೊಳೆಯಿತು, ಲೆಕ್ಕ ಪರಿಶೋಧಕರ ಪ್ರಶ್ನೆ ಕಲ್ಪನೆಯದ್ದಾಗಿರಲಿಲ್ಲ.

ಆಮೇಲೆ ಸಾಲು ಸಾಲು ಸಭೆ: ಟ್ರಸ್ಟಿಗಳು, ಶಿಕ್ಷಣ ವಿಭಾಗ, ನಿಧಿ ಸಂಗ್ರಹದವರು, ಕ್ಯುರೇಟರ್‌ಗಳು. ಕ್ಯುರೇಟರ್‌ಗಳ ಕೋಣೆಯೇ ಎಲ್ಲಕ್ಕಿಂತ ತಣ್ಣಗಿತ್ತು. ಅವರಲ್ಲೊಬ್ಬರು ಅದೇ ಹುದ್ದೆಗೆ ಅರ್ಜಿ ಹಾಕಿ ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದರಂತೆ, ನನಗೆ ಯಾರೂ ಹೇಳಿರಲಿಲ್ಲ. ಸಂಗ್ರಹದ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್ ಮಾತ್ರ ನೇರವಾಗಿ ಕೇಳಿದರು: ‘ಹಿಂದಿನವರು ನಾಲ್ಕು ವರ್ಷದಲ್ಲಿ ಎರಡು ಸಲ ಸ್ಟೋರಿಗೆ ಬಂದಿದ್ರು. ನೀವು?’ ‘ಈಗಲೇ ಹೋಗೋಣ’ ಅಂದೆ. ಅಜೆಂಡಾದಲ್ಲಿ ಇರಲಿಲ್ಲ, ಆದರೂ ಹೋದೆವು. ರ‍್ಯಾಕ್‌ಗಳು ತುಂಬಿ ಓಡಾಡುವ ಜಾಗದಲ್ಲೂ ಕ್ರೇಟ್‌ಗಳು. ಒಂದು ಪೆಟ್ಟಿಗೆಯ ಮೇಲಿನ ಲೇಬಲ್ ತಪ್ಪಾಗಿದ್ದದ್ದು ನನ್ನ ಕಣ್ಣಿಗೆ ಬಿತ್ತು, ಅವರಿಗೆ ತೋರಿಸಿದೆ. ಇಡೀ ಎರಡು ದಿನದಲ್ಲಿ ನಾನು ನಾನಾಗಿದ್ದದ್ದು ಆ 20 ನಿಮಿಷ.

ಎರಡನೇ ದಿನ ಬೋರ್ಡಿನ ಮುಂದೆ ಭಾಷಣ. ಪ್ರೊಜೆಕ್ಟರ್ ಕೈ ಕೊಟ್ಟಿತು. ಸ್ಲೈಡುಗಳಿಲ್ಲದೆ ಮಾತಾಡಿದೆ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಒಬ್ಬ ಟ್ರಸ್ಟಿ, ಉದ್ಯಮಿ, ‘ಸಮಕಾಲೀನ ಕಲೆ ಅಂತ ಮಿಠಾಯಿ ರಾಶಿ ಹಾಕ್ತಾರಲ್ಲ, ಅದಕ್ಕೆ ನಾವು ವಿಮೆ ಮಾಡಿಸೋದು ಏನನ್ನ?’ ಎಂದು ಕುಟುಕಿದರು. ಅವರು ಹೇಳಿದ್ದು ಫೆಲಿಕ್ಸ್ ಗೊನ್ಜಾಲೆಜ್-ಟೊರೆಸ್ ಅವರ 1991ರ ಕೃತಿ. ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿ, ಅದರ ಆದರ್ಶ ತೂಕ 175 ಪೌಂಡ್, ಸುಮಾರು 79 ಕೆ.ಜಿ. ನೋಡುಗರು ಒಂದೊಂದೇ ತೆಗೆದುಕೊಂಡು ಹೋಗಬಹುದು, ರಾಶಿ ಕರಗುತ್ತದೆ, ಮ್ಯೂಸಿಯಂ ಮತ್ತೆ ತುಂಬಬಹುದು. ಕೃತಿಯ ಹೆಸರಿನಲ್ಲಿ ಬರುವ ರಾಸ್ ಎಂಬವರು ಕಲಾವಿದರ ಸಂಗಾತಿ, ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡವರು. ‘ಮಿಠಾಯಿಗೆ ವಿಮೆ ಬೇಡ ಸರ್’ ಅಂದೆ. ‘ಅಂಥ ಕೃತಿ ಕೊಂಡಾಗ ನಮ್ಮ ಕೈಗೆ ಬರೋದು ಪ್ರಮಾಣಪತ್ರ, ಜೊತೆಗೆ ಮತ್ತೆ ಕಟ್ಟುವ ಹಕ್ಕು ಮತ್ತು ಹೊಣೆ. ಸಾಲ್ ಲೆವಿಟ್ ಅವರ ಗೋಡೆಚಿತ್ರಗಳೂ ಹಾಗೇ. ಗೋಡೆಗೆ ಸುಣ್ಣ ಹೊಡೆದರೂ ಕೃತಿ ಉಳಿಯುತ್ತೆ, ಪ್ರಮಾಣಪತ್ರ ಕಳೆದರೆ ತಲೆನೋವು ಶುರು.’ ರಾಸ್ ಬಗ್ಗೆ ಹೇಳಿದಾಗ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಕಾಗದವೊಂದೇ ಆಸ್ತಿ ಎಂಬ ಮಾತು ವಕೀಲರೊಬ್ಬರಿಗೆ ತುಂಬ ಹಿಡಿಸಿತು ಎಂದು ಆಮೇಲೆ ತಿಳಿಯಿತು.

ಛಾವಣಿಯ ಪ್ರಶ್ನೆ ಈ ಸಲ ಯಾರೂ ಎತ್ತಲಿಲ್ಲ. ನಾನೇ ಎತ್ತಿದೆ. ಬಕೆಟ್ ನೋಡಿದೆ ಅಂದೆ. ದುರಸ್ತಿಯನ್ನು ಮೂರು ಹಂತ ಮಾಡುವುದು, ಮೊದಲ ಹಂತಕ್ಕೆ ಒಂದು ವರ್ಷ ಒಂದು ಗ್ಯಾಲರಿ ಮುಚ್ಚಿ ಉಳಿಯುವ ಪ್ರದರ್ಶನ ವೆಚ್ಚ, ಎರಡನೆಯದಕ್ಕೆ ಕಟ್ಟಡಕ್ಕೆಂದೇ ಕೇಳುವ ದಾನ, ಹೀಗೆ ಗೆಳತಿಯ ಜೊತೆ ಕೂತು ಮಾಡಿದ ಒಂದು ಪುಟದ ಲೆಕ್ಕವನ್ನು ಹಂಚಿದೆ. ದಾನ ಅಂದೊಡನೆ ಇನ್ನೊಬ್ಬರು ಸ್ಯಾಕ್ಲರ್ ಕುಟುಂಬದ, ಅಂದರೆ ಚಟ ಹಿಡಿಸುವ ನೋವಿನ ಮಾತ್ರೆ ಮಾರಿ ಕೆಟ್ಟ ಹೆಸರು ಪಡೆದ ದಾನಿಗಳ, ಮಾತು ತೆಗೆದರು. 2019ರಲ್ಲಿ ಟೇಟ್, ಗುಗೆನ್‌ಹೈಮ್ ಅವರ ಹೊಸ ದೇಣಿಗೆ ಬೇಡವೆಂದದ್ದು, 2021ರ ಕೊನೆಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಗ್ಯಾಲರಿಗಳಿಂದ ಆ ಹೆಸರನ್ನೇ ತೆಗೆದದ್ದು, ಇದರ ಹಿಂದೆ ಛಾಯಾಗ್ರಾಹಕಿ ನ್ಯಾನ್ ಗೋಲ್ಡಿನ್ ನಡೆಸಿದ ಹೋರಾಟ, ಎಲ್ಲ ಚರ್ಚೆಯಾಯಿತು. ಇಂಥ ಪ್ರಶ್ನೆಗೆ ಜಾಣ ಉತ್ತರ ಹುಡುಕಬೇಡಿ. ದೇಣಿಗೆ ಒಪ್ಪುವ ನೀತಿ ಬರಹದಲ್ಲಿ ಇದೆಯೇ ಎಂದು ತಿರುಗಿ ಕೇಳಿ. ಇರಲಿಲ್ಲ.

ಇಲ್ಲ, ಆಮೇಲೆ ಹೌದು

ಅಲ್ಲಿಂದ ಮೂರು ವಾರ ಹಿನ್ನೆಲೆ ಪರಿಶೀಲನೆ. ಐವರು ಶಿಫಾರಸುದಾರರು: ಒಬ್ಬ ಮೇಲಧಿಕಾರಿ, ಒಬ್ಬ ಕಲಾವಿದ, ಒಬ್ಬ ದಾನಿ, ಒಬ್ಬ ಸಮಾನ ಹುದ್ದೆಯವರು, ಮತ್ತು ನನ್ನ ಕೈಕೆಳಗೆ ದುಡಿದ ಒಬ್ಬರು. ಐದನೆಯವರನ್ನು ಕೇಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಿಮಗೂ ಕೇಳಬಹುದು, ಕಿರಿಯರ ಜೊತೆ ನೆಟ್ಟಗೆ ನಡೆದುಕೊಂಡಿರಿ.

ಒಂದು ಸಂಜೆ ಸರ್ಚ್ ಸಂಸ್ಥೆಯಾಕೆ ಫೋನ್ ಮಾಡಿ, ‘ತುಂಬಾ ಹತ್ತಿರ ಬಂದಿದ್ರಿ ಮೇಡಂ’ ಅಂದರು. ‘ಬಂದಿದ್ರಿ’ ಎಂಬುದರಲ್ಲೇ ಎಲ್ಲ ಗೊತ್ತಾಯಿತು. ಇನ್ನೊಂದು ಮ್ಯೂಸಿಯಂನಲ್ಲಿ ಈಗಾಗಲೇ ನಿರ್ದೇಶಕರಾಗಿದ್ದವರನ್ನು ಆರಿಸಿದ್ದರು. ಫೋನ್ ಇಟ್ಟು, ಕಪಾಟಿನಲ್ಲಿದ್ದ ಕೆಟಲಾಗ್‌ಗಳನ್ನೆಲ್ಲ ಇಳಿಸಿ ಧೂಳು ಒರೆಸಿ ಮತ್ತೆ ಜೋಡಿಸಿದೆ. ಯಾಕೆಂದು ಕೇಳಬೇಡಿ.

ಐದು ವಾರದ ಮೇಲೆ ಅದೇ ನಂಬರಿನಿಂದ ಮತ್ತೆ ಕರೆ. ಆಯ್ಕೆಯಾದವರು ಒಪ್ಪಂದದ ಹಂತದಲ್ಲಿ ಹಿಂದೆ ಸರಿದಿದ್ದರು. ‘ನಿಮಗೆ ಇನ್ನೂ ಆಸಕ್ತಿ ಇದೆಯೇ?’ ಎರಡನೆಯವಳು ಎಂಬ ಮುಳ್ಳು ಚುಚ್ಚದೇ ಇರಲಿಲ್ಲ. ಎರಡು ದಿನ ಸಮಯ ಕೇಳಿದೆ. ಮೊದಲನೆಯವರು ಯಾಕೆ ಬಿಟ್ಟರೆಂದು ಕೇಳದೆ ಒಪ್ಪಬೇಡ ಎಂದಳು ಗೆಳತಿ. ಕೇಳಿದೆ. ಪ್ರದರ್ಶನಗಳ ಆಯ್ಕೆಯಲ್ಲಿ ಕೊನೆಯ ಮಾತು ಯಾರದು, ಬೋರ್ಡಿನದೋ ನಿರ್ದೇಶಕರದೋ ಎಂಬಲ್ಲಿ ಮುರಿದುಬಿದ್ದಿತ್ತು.

ಹಾಗಾಗಿ ಒಪ್ಪಂದಕ್ಕೆ ಆರು ವಾರ ಹಿಡಿಯಿತು, ಆ ಒಂದು ಸಾಲಿಗಾಗಿಯೇ ನಾಲ್ಕು ವಾರ. ಬಜೆಟ್ ಬೋರ್ಡಿನದು, ಆ ಬಜೆಟ್ಟಿನೊಳಗೆ ಏನು ತೋರಿಸಬೇಕೆಂಬುದು ನಿರ್ದೇಶಕರದು ಎಂದು ಬರಹದಲ್ಲಿ ಬಂತು. ಎರಡು ವರ್ಷಕ್ಕೊಂದು ಪ್ರದರ್ಶನವನ್ನು ನಾನೇ ಕ್ಯುರೇಟ್ ಮಾಡಬಹುದು ಎಂಬುದನ್ನೂ ಸೇರಿಸಿಕೊಂಡೆ. ಅವಧಿಗೆ ಮುಂಚೆ ಕಳಿಸಿದರೆ ಎಷ್ಟು ತಿಂಗಳ ಸಂಬಳ ಎಂಬ ಸಾಲನ್ನು ಕೇಳಲು ನಾಚಿಕೆಯಾಗಿತ್ತು. ಬಾರ್ ಅವರನ್ನು ನೆನೆದು ಕೇಳಿದೆ. ಸಂಬಳ ಮಾತ್ರ ಹೆಚ್ಚು ಏರಿಸಲು ಆಗಲಿಲ್ಲ. ವಕೀಲರಿಗೆ ಕೊಟ್ಟ ಶುಲ್ಕ ನನ್ನ ಅರ್ಧ ತಿಂಗಳ ಸಂಬಳದಷ್ಟಾಯಿತು, ಅದರಲ್ಲಿ ಜಿಪುಣತನ ಮಾಡಬೇಡಿ. ಆಮೇಲೆ ಹಳೆಯ ಕಡೆ ಮೂರು ತಿಂಗಳ ನೋಟಿಸ್.

ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಮೂರು ಕಡತ ಇದ್ದವು. ಛಾವಣಿಗೆ ಬಂದ ಕೊಟೇಶನ್‌ಗಳು ಒಂದರಲ್ಲಿ. ತಪ್ಪು ಲೇಬಲ್‌ಗಳನ್ನು ಸರಿಪಡಿಸಲು ಇಬ್ಬರು ಸಹಾಯಕರನ್ನು ಕೇಳಿ ರಿಜಿಸ್ಟ್ರಾರ್ ಬರೆದದ್ದು ಇನ್ನೊಂದರಲ್ಲಿ. ಮೂರನೆಯದು ಬಾಕಿ ಬಿಲ್‌ಗಳು, ನಿರ್ದೇಶಕರ ಸಹಿಗಾಗಿ. ತಿರುವುತ್ತಾ ಹೋದರೆ ಕೆಳಗಿನಿಂದ ನಾಲ್ಕನೆಯದು ನನ್ನದೇ: ಸಂದರ್ಶನಕ್ಕೆ ಬಂದಾಗಿನ ವಿಮಾನ, ವಸತಿ, ರಸೀದಿಗಳ ಸಮೇತ. ಇಷ್ಟು ತಿಂಗಳು ಸಹಿ ಹಾಕುವವರಿಲ್ಲದೆ ಕೂತಿತ್ತು. ಪೆನ್ನು ತೆರೆದಿದ್ದೆ, ಮುಚ್ಚಿದೆ. ನನ್ನ ಬಿಲ್ಲಿಗೆ ನಾನೇ ಸಹಿ ಹಾಕುವ ಹಾಗಿಲ್ಲವಲ್ಲ. ಬೋರ್ಡಿನ ಖಜಾಂಚಿಗೆ ಕಳಿಸಿದ್ದೇನೆ. ಅವರು ಊರಲ್ಲಿಲ್ಲವಂತೆ, ಮುಂದಿನ ತಿಂಗಳು ಬರುತ್ತಾರಂತೆ.